ಪೆಟ್ಟಿಗಿ ಕೀಲಿ ಯಾರ ಕೈಯಾಗ?

ಇಬ್ಬರೂ ಇಂಡಿ ತಾಲ್ಲೂಕಿನ ಹೊರ್ತಿ ಸೀಮೆಯವರು. ಒಬ್ಬರು ಪ್ರೌಢಶಾಲೆಯಲ್ಲಿ ಕಲಿಸಿ ನಿವೃತ್ತರಾದ ಮಾಸ್ತರು. ಇನ್ನೊಬ್ಬಳು ಅವರ ಕೈಯಲ್ಲೇ ಕಲಿತವಳು, ಈಗ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ನೋಡಿಕೊಳ್ಳುವ ಗ್ರಂಥಪಾಲಕಿ. ಮಕ್ಕಳ ಗ್ರಾಮಸಭೆಗೆ ವಿಷಯಪಟ್ಟಿ ಮಾಡುವಾಗ ಇಬ್ಬರ ನಡುವೆ ನಡೆದ ಮಾತು ಇದು.

ಗ್ರಂಥಪಾಲಕಿ: ಸರ್, ಈ ಸಲ ಮಕ್ಕಳ ಗ್ರಾಮಸಭಾದಾಗ ಬ್ಯಾರೆ ವಿಷಯ ತಗೋಬೇಕು ಅಂತ ಮಾಡೀನ್ರಿ. ಪ್ರತಿ ಸಲ ಶೌಚಾಲಯ, ಕಂಪೌಂಡು, ಆಟದ ಸಾಮಾನು ಇದರಾಗೇ ಮುಗೀತದ. ಸಾಲ್ಯಾಗ, ಊರಾಗ ನಡೆಯೋ ಅಪರಾಧ ತಡೀಲಾಕ ಹುಡುಗ್ರು ಏನು ಮಾಡಬಹುದು ಅನ್ನೋದರ ಮ್ಯಾಲ ಮಾತಾಡ್ಸೋಣು ಅಂತ.

ಮಾಸ್ತರು: ಭಾಳ ಬೇಕಾದ ವಿಷಯ, ತಂಗಿ. ಆದ್ರ ಕೇಳಿದ ಕೂಡ್ಲೆ ನನಗ ಅಂಜಿಕಿನೂ ಆತು. ಅಪರಾಧ ತಡಿಯೋದರಾಗ ಮಕ್ಕಳನ್ನ ಸೇರಸೂದು ಅಂದ್ರ ದೊಡ್ಡವರ ತಲ್ಯಾಗ ಮೊದಲು ಬರೋದು, ಮಕ್ಕಳ ಕಡಿಂದ ಸುದ್ದಿ ತಗಿಯೋದು. ಮಟಕಾ ಚೀಟಿ ಯಾರು ಬರೀತಾರ, ಸೆರೆ ಪಾಕೀಟು ಯಾರ ಮನ್ಯಾಗ ಸಿಗ್ತಾವ, ಗಾಂಜಾ ಎಲ್ಲಿಂದ ಬರ್ತದ. ಹೇಳಿದ ಹುಡುಗ ಮರುದಿನ ಅದೇ ಓಣ್ಯಾಗ ಅಡ್ಡಾಡಬೇಕಲ್ಲ? ನಮ್ಮ ಕಡೆ ಒಂದು ಮಾತು ಎರಡು ಮನೆತನದ ನಡುವ ಹಗೆ ಆಗಿ ಎರಡು, ಮೂರು ತಲಿಮಾರು ನಡೀತದ. ಅಂಥಾ ಊರಾಗ ಹದಿಮೂರು ವರ್ಷದ ಪಾರನ್ನ ಖಬರಿ ಮಾಡೋದು ಪಾಪದ ಕೆಲಸ.

ಗ್ರಂಥಪಾಲಕಿ: ಹಂಗಂತ ಸುಮ್ಮ ಕುಂದರ್ಲಾಕ ಆಗೂದಿಲ್ಲಲ್ರಿ ಸರ್. ನಾವು ಕೇಳದಿದ್ರ ಅವರನ್ನ ಬ್ಯಾರೆಯವರು ಕೇಳ್ತಾರ. ಅರಿವು ಕೇಂದ್ರಕ್ಕ ಬರೋ ಹುಡುಗ್ರ ಮೊಬೈಲ್ ನೋಡೀನಿ. ರೀಲ್ಸ್‌ನ್ಯಾಗ 'ಭೀಮಾ ತೀರ' ಅಂತ ಬರಕೊಂಡು, ಮೀಸಿ ತಿರುವಕೋತ, ಮಚ್ಚು ಹಿಡಕೊಂಡು ಫೋಟೋ ಹಾಕ್ತಾರ. ಮೀಸಿ ಇನ್ನೂ ಬಂದಿರೂದಿಲ್ಲ.

ಮಾಸ್ತರು: ಆ ಹೆಸರಿನ ಭಾರ ನಮ್ಮ ಮಕ್ಕಳ ಮ್ಯಾಲ ಬಿದ್ದದ, ಖರೇ. ಭೀಮಾ ನದಿ ದಂಡಿ ಮ್ಯಾಲಿನ ಹಗೆ, ಕೊಲೆಗಳಿಂದ ಹೆಸರಾದ ಚಂದಪ್ಪ ಹರಿಜನ ಪೊಲೀಸರ ಗುಂಡಿಗೆ ಸತ್ತಿದ್ದು 2000ದಾಗ. ಅದಾದ ಮ್ಯಾಲ ಒಬ್ಬನ ಹಿಂದ ಒಬ್ಬರು ಹೋದರು. 2025ರ ಫೆಬ್ರುವರಿದಾಗ ಬಾಗಪ್ಪ ಹರಿಜನ ವಿಜಯಪುರ ನಗರದಾಗೇ ಕೊಲೆ ಆದ. ಕಾಲು ಶತಮಾನದ ಲೆಕ್ಕ ಇದು. ನಡುವ 2012ರಾಗ 'ಭೀಮಾ ತೀರದಲ್ಲಿ' ಸಿನಿಮಾ ಬಂತು. ಸಿನಿಮಾ ನೋಡಿದ ಹುಡುಗ್ರಿಗೆ ಕುದುರಿ, ಬಂದೂಕು, ಮಾತಿನ ಗತ್ತು ನೆನಪು ಉಳೀತಾವ. ಹಿಂದ ಉಳಿದ ಹೆಂಗಸೂರು, ಮಾರಿದ ಹೊಲ, ಸಾಲಿ ಬಿಟ್ಟ ಮಕ್ಕಳು ಯಾರಿಗೂ ಕಾಣೂದಿಲ್ಲ. ಇಂಡಿ ಲಿಂಬಿ ಹಣ್ಣಿಗೆ ಭೌಗೋಳಿಕ ಸೂಚಕ ಮಾನ್ಯತಾ ಸಿಕ್ಕದ, ಅದನ್ನ ಯಾವ ಹುಡುಗನೂ ತನ್ನ ಫೋಟೋದ ಕೆಳಗ ಬರ್ಕೊಳೋದಿಲ್ಲ. ಇದು ನನಗ ಸಂಕಟ ಆಗೂ ವಿಷಯ.

ಗ್ರಂಥಪಾಲಕಿ: ಹುಡುಗ್ರು ಈ ದಾರಿಗೆ ಹ್ಯಾಂಗ ಬೀಳ್ತಾರ್ರಿ? ನೀವು ಮೂವತ್ತು ವರ್ಷ ನೋಡೀರಿ.

ಮಾಸ್ತರು: ಯಾವ ಹುಡುಗನೂ ಮೊದಲ ದಿನ ಪಿಸ್ತೂಲ ಹಿಡಿಯೂದಿಲ್ಲ. ಮೊದಲು ಒಂದು ಸಣ್ಣ ಕೆಲಸ ಬರ್ತದ. 'ಈ ಚೀಟಿ ಅಲ್ಲಿ ಕೊಟ್ಟು ಬಾ.' 'ಈ ಗಾಡಿ ಧೂಳಖೇಡ ತನಕ ಬಿಟ್ಟು ಬಾ.' 'ಇಲ್ಲಿ ನಿಂತು ಯಾರರೆ ಬರ್ತಾರೇನು ನೋಡ್ತಿರು.' ಕೈಯಾಗ ಐದುನೂರು ರೂಪಾಯಿ, ಹೆಗಲ ಮ್ಯಾಲ ಒಂದು ಕೈ. ಅಪ್ಪ-ಅವ್ವ ಕಬ್ಬು ಕಡೀಲಾಕ ಮಹಾರಾಷ್ಟ್ರಕ್ಕ ಹೋಗಿರ್ತಾರ, ಮನ್ಯಾಗ ಆಯಿ ಒಬ್ಬಾಕಿ ಇರ್ತಾಳ. ಆ ಹೆಗಲ ಮ್ಯಾಲಿನ ಕೈ ಹುಡುಗನಿಗೆ ದೊಡ್ಡದಾಗಿ ಕಾಣ್ತದ. ನಮ್ಮೂರು ವಿಜಯಪುರ–ಸೋಲಾಪುರ ಹೆದ್ದಾರಿ ಮ್ಯಾಲ ಅದ. ರಾತ್ರಿ ಹಗಲು ಗಾಡಿ ಓಡ್ತಾವ, ಧಾಬಾ ತೆರದಿರ್ತಾವ, ಒಂದು ತಾಸಿನಾಗ ಇನ್ನೊಂದು ರಾಜ್ಯ. ಇಂಥ ಸಣ್ಣ ಕೆಲಸ ಹೇಳೋರಿಗೆ ಬರ ಇಲ್ಲ.

ಗ್ರಂಥಪಾಲಕಿ: ಹೇಳಿದವರಿಗೆ ಕಾನೂನು ಏನೂ ಮಾಡೂದಿಲ್ಲೇನ್ರಿ?

ಮಾಸ್ತರು: ಮಾಡ್ತದ. ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಗೆ ಬಂದದಲ್ಲ, ಅದರ 95ನೇ ಕಲಂ ನೋಡು. ಮಗುವನ್ನ ಅಪರಾಧಕ್ಕ ಬಳಸಿಕೊಂಡವನಿಗೆ ಕನಿಷ್ಠ 3 ವರ್ಷ, ಗರಿಷ್ಠ 10 ವರ್ಷ ಜೈಲು. ಬಾಲನ್ಯಾಯ ಕಾಯ್ದೆಯ 83ನೇ ಕಲಮಿನಾಗ 7 ವರ್ಷದ ತನಕ ಶಿಕ್ಷಾ, 5 ಲಕ್ಷ ದಂಡ ಅದ. ಈ ಮಾತು ಮಕ್ಕಳಿಗೆ ಗೊತ್ತಿರಬೇಕು. 'ನೀ ಸಣ್ಣಾಂವ, ನಿನಗೇನೂ ಆಗೂದಿಲ್ಲ' ಅಂತ ಹೇಳಿ ಕೆಲಸ ಮಾಡಸ್ತಾರಲ್ಲ, ಆ ಮಾತಿಗೆ ಹುಡುಗ್ರ ಕೈಯಾಗ ಒಂದು ಉತ್ತರ ಇರಬೇಕು: 'ನನ್ನದು ಬಿಡು, ನಿನಗ ಆಗ್ತದ.'

ಗ್ರಂಥಪಾಲಕಿ: ಸಿಂದಗಿ ಪ್ರಕರಣ ನೆನಪಾತು ನೋಡ್ರಿ. ನಾ ಆವಾಗ ಸಾಲ್ಯಾಗ ಇದ್ದೆ.

ಮಾಸ್ತರು: 2012ರ ಹೊಸ ವರ್ಷದ ದಿನ. ತಹಶೀಲ್ದಾರ್ ಕಚೇರಿ ಮುಂದ ಪಾಕಿಸ್ತಾನದ ಧ್ವಜ ಹಾರಿಸ್ಯಾರ ಅಂತ ಸುದ್ದಿ ಆತು, ಊರಾಗ ಕಲ್ಲು ತೂರಾಟ ಆತು. ಬ್ಯಾರೆ ಧರ್ಮದವರೇ ಮಾಡ್ಯಾರ ಅಂತ ಎಲ್ಲಾರೂ ತಿಳದಿದ್ರು. ಪೊಲೀಸರು ಹಿಡದು ತಂದಿದ್ದು ಇಪ್ಪತ್ತರ ಆಸುಪಾಸಿನ ಊರಿನ ಹುಡುಗ್ರನ್ನ, ವಿದ್ಯಾರ್ಥಿಗಳನ್ನ. ಗಲಾಟೆ ಆಗಲಿ ಅಂತ ಬೇಕಂತಲೇ ಮಾಡಿದ್ರು ಅನ್ನೋದು ಅವರ ಮ್ಯಾಲಿನ ಆರೋಪ. ತಪ್ಪು ಯಾರದು ಅಂತ ನಾನು ಇಲ್ಲಿ ಕುಂತು ತೀರ್ಪು ಕೊಡೂದಿಲ್ಲ. ಆದ್ರ ಆ ಸುದ್ದಿ ಓದಿದ ದಿನ ನನಗ ಹತ್ತಿದ ಪ್ರಶ್ನಿ ಇನ್ನೂ ಹಂಗೇ ಅದ. ಓದೋ ವಯಸ್ಸಿನ ಹುಡುಗ್ರ ಗೆಳೆತನದಾಗ ಯಾರೋ ಒಬ್ಬನಿಗೆ ಮೊದಲೇ ಏನರೆ ಗೊತ್ತಾಗಿರ್ತದ. ಅಂವ ಹೇಳ್ಬೇಕಂದ್ರ ಯಾರಿಗೆ ಹೇಳ್ಬೇಕಿತ್ತು? ಅಂಥಾ ಒಬ್ಬ ದೊಡ್ಡ ಮನಷ್ಯಾನ್ನ ನಾವು ಅವರಿಗೆ ಕೊಟ್ಟಿದ್ದೇವೇನು?

ಗ್ರಂಥಪಾಲಕಿ: ಅದಕ್ಕ ಠಾಣೆ ಅಂಜಿಕಿ ಹೋಗ್ಲಿ ಅಂತ ಪೊಲೀಸರು 'ತೆರೆದ ಮನೆ' ಮಾಡ್ತಾರಲ್ರಿ. ಮಕ್ಕಳನ್ನ ಠಾಣೆಗೆ ಕರದು ಎಲ್ಲಾ ತೋರಸ್ತಾರ. ನಮ್ಮ ಹೊರ್ತಿಗೆ ಠಾಣೆನೂ ಅದ.

ಮಾಸ್ತರು: ಚೊಲೋ ಕಾರ್ಯಕ್ರಮ. ಹ್ಯಾಂಗ ಮಾಡ್ತಾರ ಅನ್ನೋದರ ಮ್ಯಾಲ ಅದರ ಫಲ. ಠಾಣೆದಾಗ ಮಕ್ಕಳಿಗೆ ಲಾಕಪ್ ತೋರಿಸಿ, 'ತಪ್ಪು ಮಾಡಿದ್ರ ಇಲ್ಲಿ ಹಾಕ್ತೀವಿ' ಅಂದು ಕಳಿಸಿದ್ರ ಕೆಟ್ಟದ್ದೇ ಆಗ್ತದ. ಅಮೆರಿಕಾದ ನ್ಯೂಜೆರ್ಸಿದಾಗ 1970ರ ದಶಕದಾಗ ದಾರಿ ತಪ್ಪಿದ ಹುಡುಗ್ರನ್ನ ಜೈಲಿಗೆ ಕರ್ಕೊಂಡು ಹೋಗಿ, ಜನ್ಮಠೇಪಿ ಕೈದಿಗಳಿಂದ ಬೈಸಿ ಅಂಜಸೋ ಕಾರ್ಯಕ್ರಮ ನಡೆಸಿದ್ರು. ಭಾಳ ಹೆಸರು ಮಾಡ್ತು, 1978ರಾಗ ಅದರ ಮ್ಯಾಲ ಚಿತ್ರನೂ ಬಂತು. ಮುಂದ ಸಂಶೋಧಕರು ಇಂಥ ಕಾರ್ಯಕ್ರಮಗಳನ್ನೆಲ್ಲಾ ಕೂಡಿಸಿ ತೂಗಿ ನೋಡಿದ್ರ, ಅಂಜಿಸಿಕೊಂಡ ಹುಡುಗ್ರು ಅಂಜಿಸಿಕೊಳ್ಳದವರಿಗಿಂತ ಹೆಚ್ಚು ಅಪರಾಧ ಮಾಡಿದ್ರು. ಜೈಲು ನೋಡಿ ಬಂದದ್ದು ಗೆಳೆಯರ ನಡುವ ದೊಡ್ಡಸ್ತಿಕಿ ಆತು ಅಂತ ಕಾಣ್ತದ.

ಗ್ರಂಥಪಾಲಕಿ: ಹಂಗಾರ ಠಾಣೆದಾಗ ಏನು ತೋರಸ್ಬೇಕ್ರಿ?

ಮಾಸ್ತರು: ಮಕ್ಕಳ ಕಲ್ಯಾಣಾಧಿಕಾರಿ ಯಾರು ಅಂತ ತೋರಸ್ಬೇಕು. ಬಾಲನ್ಯಾಯ ಕಾಯ್ದೆ ಪ್ರಕಾರ ಪ್ರತಿ ಠಾಣೆದಾಗ ಎಎಸ್ಐ ದರ್ಜೆಗೆ ಕಡಿಮಿ ಇಲ್ಲದ ಒಬ್ಬರನ್ನ ಮಕ್ಕಳ ಸಲುವಾಗಿ ನೇಮಿಸಿರಬೇಕು. ಅವರ ಮುಖ, ಅವರ ಹೆಸರು ಮಕ್ಕಳಿಗೆ ಗೊತ್ತಾಗ್ಲಿ. ದೂರು ಬರಕೊಳ್ಳೋದು ಹ್ಯಾಂಗ, ಬರಕೊಳ್ಳದಿದ್ರ ಯಾರ ಕಡೆ ಹೋಗಬೇಕು ಅನ್ನೋದು ಗೊತ್ತಾಗ್ಲಿ. ಪೊಲೀಸ್ ಅಂದ್ರ ಕೆಲಸ ಹೇಳಿ ಮಾಡಿಸಿಕೊಳ್ಳಬಹುದಾದ ಸರ್ಕಾರಿ ನೌಕರ ಅನ್ನೋದು ಹುಡುಗನಿಗೆ ಹನ್ನೆರಡನೇ ವಯಸ್ಸಿನಾಗ ತಿಳದ್ರ ಸಾಕು. ಕೇರಳದಾಗ 2010ರಾಗ 127 ಸಾಲ್ಯಾಗ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಶುರು ಮಾಡಿದ್ರು. 2018ರ ಜುಲೈದಾಗ ಅದನ್ನ ದೇಶಕ್ಕೆಲ್ಲಾ ಹಬ್ಬಿಸಿದ್ರು, ನಮ್ಮ ರಾಜ್ಯದಾಗೂ ಅದ. ಎಂಟನೇ, ಒಂಬತ್ತನೇ ಇಯತ್ತಾ ಮಕ್ಕಳು. ಪರೇಡು ಮಾಡಸೂದು ಸುಲಭ, ತಂಗಿ. ಪರೇಡು ಮುಗದ ಮ್ಯಾಲ ಅವರ ಮಾತು ಕೇಳೋ ತಾಳ್ಮಿ ಇದ್ರ ಆ ಸಮವಸ್ತ್ರಕ್ಕ ಬೆಲಿ.

ಗ್ರಂಥಪಾಲಕಿ: ನಮ್ಮ ಸಾಲಿಗಳಾಗ ದೂರು ಪೆಟ್ಟಿಗಿನೂ ಅದಾವ್ರಿ. ಗ್ವಾಡಿಗೆ ತಗಲಹಾಕಿರ್ತಾರ. ತೆರದ್ರ ಖಾಲಿ ಇರ್ತದ. 'ದೂರೇ ಇಲ್ಲ, ನಮ್ಮ ಸಾಲಿ ಚೊಲೋ ಅದ' ಅಂತ ವರದಿ ಹೋಗ್ತದ.

ಮಾಸ್ತರು: ಕೀಲಿ ಯಾರ ಕೈಯಾಗ ಇರ್ತದ?

ಗ್ರಂಥಪಾಲಕಿ: ಮುಖ್ಯಗುರುಗಳ ಕಡೆ.

ಮಾಸ್ತರು: ಅಲ್ಲೇ ಉತ್ತರ ಅದ. ದೂರು ಸಾಲಿಯವರ ಮ್ಯಾಲೇ ಇದ್ರ? ಸಾಲಿಗೆ ದೇಣಿಗಿ ಕೊಟ್ಟವರ ಮಗನ ಮ್ಯಾಲ ಇದ್ರ? ಮಕ್ಕಳಿಗೆ ಅಕ್ಷರ ಗುರುತು ಸಿಗ್ತದ ಅನ್ನೋ ಅಂಜಿಕಿ ಬ್ಯಾರೆ. ನಲವತ್ತು ಮಕ್ಕಳ ವರ್ಗದಾಗ ಯಾರ ಬರಹ ಯಾವುದು ಅಂತ ಮಾಸ್ತರಿಗೆ ಗೊತ್ತಿರ್ತದ, ನನಗೂ ಗೊತ್ತಿರ್ತಿತ್ತು. ಪೆಟ್ಟಿಗಿ ಖಾಲಿ ಇದ್ದದ್ದು ಸಾಲಿ ಚೊಲೋ ಇರೋದರ ಗುರ್ತು ಅಂತ ನಾ ಒಪ್ಪೂದಿಲ್ಲ. ಮಕ್ಕಳು ನಮ್ಮನ್ನ ನಂಬಿಲ್ಲ ಅನ್ನೋದರ ಗುರ್ತು ಅದು.

ಗ್ರಂಥಪಾಲಕಿ: ಹಂಗಾದ್ರ ಕೀಲಿ ಯಾರ ಕಡೆ ಇರಬೇಕ್ರಿ?

ಮಾಸ್ತರು: ಮಕ್ಕಳೇ ಆರಿಸಿದವರ ಕಡೆ. ಇದು ನನ್ನ ಕಲ್ಪನಾ ಅಲ್ಲ, ನಮ್ಮ ರಾಜ್ಯದಾಗೇ ಆಗಿದ್ದು. ಕುಂದಾಪುರ ತಾಲ್ಲೂಕಿನಾಗ 1995ರ ಸುಮಾರು ಮಕ್ಕಳ ಪಂಚಾಯಿತಿ ಶುರು ಆದ್ವು. ದುಡಿಯೋ ಮಕ್ಕಳ ಸಲುವಾಗಿ ಕೆಲಸ ಮಾಡೋ ಬೆಂಗಳೂರಿನ ಸಂಸ್ಥೆಯೊಂದು ಹಿಂದ ನಿಂತಿತ್ತು. ದುಡಿಯೋ ಮಕ್ಕಳೇ 1990ರಾಗ 'ಭೀಮ ಸಂಘ' ಅಂತ ಕಟ್ಟಿಕೊಂಡಿದ್ರು. ನಮ್ಮ ನದಿ ಹೆಸರಿಗೂ ಆ ಹೆಸರಿಗೂ ಸಂಬಂಧ ಇಲ್ಲ, ಆದ್ರೂ ನನಗ ಕೇಳ್ಲಾಕ ಖುಷಿ ಆಗ್ತದ. ಅಲ್ಲಿ ಮಕ್ಕಳು ಮತ ಹಾಕಿ ತಮ್ಮ ಪ್ರತಿನಿಧಿಗಳನ್ನ ಆರಿಸಿದ್ರು. ಅದರ ಜೋಡಿ ಊರಿನ ದೊಡ್ಡವರಾಗ ತಾವು ನಂಬೋ ಒಬ್ಬರನ್ನ 'ಮಕ್ಕಳ ಮಿತ್ರ' ಅಂತ ಆರಿಸಿಕೊಂಡ್ರು. ಮಗು ಹೇಳಿದ್ದನ್ನ ಆ ಮಿತ್ರ ಮುಂದ ಒಯ್ಬೇಕು. ಅಧಿಕಾರಿಗಳು ಕುಂತು ಮಕ್ಕಳಿಗೆ ಉತ್ತರ ಕೊಡಬೇಕು.

ಗ್ರಂಥಪಾಲಕಿ: ಅಂದ್ರ ಬೆದರಿಕಿ ಬಂದ್ರ ದೊಡ್ಡವರ ಮ್ಯಾಲ ಬರ್ತದ, ಮಗುವಿನ ಮ್ಯಾಲ ಬರೂದಿಲ್ಲ.

ಮಾಸ್ತರು: ಹೌದು. ಕಾನೂನೂ ಅದನ್ನೇ ಹೇಳ್ತದ, ಯಾರೂ ಓದೂದಿಲ್ಲ ಅಷ್ಟೇ. 2012ರ ಪೋಕ್ಸೊ ಕಾಯ್ದೆ ತಗೋ. ಮಗುವಿನ ಮ್ಯಾಲ ಲೈಂಗಿಕ ಅಪರಾಧ ಆಗ್ಯದ ಅಂತ ಗೊತ್ತಾದವರು ತಿಳಸಲೇಬೇಕು ಅಂತ 19ನೇ ಕಲಂ. ತಿಳಸದವರಿಗೆ ಶಿಕ್ಷಾ ಅಂತ 21ನೇ ಕಲಂ. ಆದ್ರ ಆ ಶಿಕ್ಷಾ ಮಗುವಿಗೆ ಅನ್ವಯ ಆಗೂದಿಲ್ಲ ಅಂತ ಅದೇ ಕಲಮಿನಾಗ ಬರದಾರ. ಹೊಣಿ ಹೊರೋರು ದೊಡ್ಡವರು. ಮಗು ನಮ್ಮ ಹತ್ರ ಬಂದು ಬಾಯಿ ಬಿಡ್ತಂದ್ರ ಅದರ ಪಾಲಿನ ಧೈರ್ಯ ಅಲ್ಲಿಗೆ ಪೂರಾ ಆತು. ಮುಂದಿನದು ನಮ್ಮ ಪಾಲು.

ಗ್ರಂಥಪಾಲಕಿ: ಬಾಲ್ಯವಿವಾಹದಾಗ ಇದು ಭಾಳ ಕಾಣ್ತದ್ರಿ ಸರ್. ಗೆಳತಿ ಸಾಲಿಗೆ ಬರೋದು ನಿಂತ್ರ ಮೊದಲು ಗೊತ್ತಾಗೋದು ಬಾಜೂಕ ಕುಂದರೋ ಹುಡುಗಿಗೆ. ಗಂಡಿನವರು ನೋಡ್ಲಾಕ ಬಂದಿದ್ರು, ಬಟ್ಟಿ ತಂದಾರ, ಎಲ್ಲಾ ಅಕಿಗೆ ಗೊತ್ತಿರ್ತದ. ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಮಾಡು ಅಂತ ಹೇಳ್ತೀವಿ, ಮಾಡಿದ ಮ್ಯಾಲ 'ಯಾರು ಹೇಳಿದ್ರು?' ಅಂತ ಊರೆಲ್ಲಾ ಹುಡುಕ್ತದ. ಹೋದ ವರ್ಷ ಒಬ್ಬಾಕಿ ಹುಡುಗಿ ನನ್ನ ಮುಂದ ಕುಂತು ಎರಡು ತಾಸು ಅತ್ತಳು. ಗೆಳತಿ ಉಳದಳು, ಆದ್ರ ಗೆಳತಿ ಮನಿಯವರು ಈಕಿ ಮನಿಯವರ ಜೋಡಿ ಮಾತು ಬಿಟ್ಟರು.

ಮಾಸ್ತರು: ಆ ಹುಡುಗಿ ಯಾಕ ಫೋನ್ ಮಾಡ್ಬೇಕಾತು ಕೇಳು. ಮಗು ಸತತ ಏಳು ದಿನ ಸಾಲಿಗೆ ಬರದಿದ್ರ ಮನಿಗೆ ಹೋಗಿ ವಿಚಾರಿಸಬೇಕು ಅಂತ ನಿಯಮ ಅದ. ನಮ್ಮ ರಾಜ್ಯದ ತಿದ್ದುಪಡಿ ಪ್ರಕಾರ ಬಾಲ್ಯವಿವಾಹ ಮೂಲದಿಂದಲೇ ಅಸಿಂಧು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದ್ರ ಪಿಡಿಒ, ಅದನ್ನ ತಡಿಯೋ ಅಧಿಕಾರಿಗಳಾಗ ಒಬ್ಬರು. ಹಾಜರಿ ಪುಸ್ತಕ ತನ್ನ ಕೆಲಸ ಮಾಡಿದ್ರ, ಪಿಡಿಒ ತಮ್ಮ ಕೆಲಸ ಮಾಡಿದ್ರ, ಆ ಹುಡುಗಿ ಬಾಯಿ ಬಿಡೋ ಪ್ರಸಂಗನೇ ಬರ್ತಿದ್ದಿಲ್ಲ. ದೊಡ್ಡವರು ಬಿಟ್ಟ ಕೆಲಸ ಮಕ್ಕಳ ತಲಿ ಮ್ಯಾಲ ಬೀಳ್ತದ, ಆಮ್ಯಾಲ ನಾವು ಅವರ ಧೈರ್ಯಕ್ಕ ಶಾಲು ಹೊದಸ್ತೀವಿ. ಫೋಟೋ ಪತ್ರಿಕ್ಯಾಗ ಹಾಕಸ್ತೀವಿ. ಅದು ನಿಲ್ಲಬೇಕು. ಮದುವಿ ನಿಲ್ಲಿಸಿದ ಹುಡುಗಿ ಫೋಟೋ ಹಾಕಬಾರದು, ಹೆಸರು ಹೇಳಬಾರದು, ಸನ್ಮಾನ ಬ್ಯಾಡೇ ಬ್ಯಾಡ.

ಗ್ರಂಥಪಾಲಕಿ: ಹಂಗಾದ್ರ ಮಕ್ಕಳು ಮಾಡೋ ಕೆಲಸ ಯಾವುದ್ರಿ? ಎಲ್ಲಾ ನಮ್ಮದೇ ಅಂದ್ರ ಗ್ರಾಮಸಭಾದಾಗ ಅವರು ಕುಂತು ಚಪ್ಪಾಳಿ ಹೊಡೀಬೇಕೇನು?

ಮಾಸ್ತರು: ಅದನ್ನೂ ನಾ ಒಪ್ಪೂದಿಲ್ಲ. ವಿಶ್ವಸಂಸ್ಥೆ 1990ರಾಗ ಬಾಲಾಪರಾಧ ತಡಿಯೋದರ ಬಗ್ಗೆ ರಿಯಾಧ್ ಮಾರ್ಗಸೂಚಿ ಅಂತ ಒಪ್ಪಿಕೊಂಡ್ತು. ಎಳೆಯರನ್ನ ತಿದ್ದೋ ವಸ್ತು ಅಂತ ನೋಡಬ್ಯಾಡ್ರಿ, ಸಮಾಜದಾಗ ಪಾಲುದಾರರು ಅಂತ ನೋಡ್ರಿ ಅನ್ನೋದು ಅದರ ಸಾರ. ಪಾಲುದಾರ ಅಂದ್ರ ತನಗ ಗೊತ್ತಿದ್ದನ್ನ ತರೋನು, ಲೆಕ್ಕ ಕೇಳೋನು. ನಿಮ್ಮ ಅರಿವು ಕೇಂದ್ರದಾಗ ಒಂದು ಕೆಲಸ ಮಾಡು. ಮಕ್ಕಳ ಕಡಿಂದ ಊರಿನ ನಕ್ಷಿ ಬರಸು. ಯಾರ ಹೆಸರೂ ಬರೀಬಾರದು. ಜಾಗಾ, ಹೊತ್ತು, ಏನು ಕೊರತಿ, ಇಷ್ಟೇ. ಹೆಸರು ಬರದ್ರ ಹಗೆ ಹುಟ್ಟತದ. ಜಾಗಾ ಬರದ್ರ ಕೆಲಸ ಹುಟ್ಟತದ.

ಗ್ರಂಥಪಾಲಕಿ: ಅವರು ಏನೇನು ಬರೀತಾರ ನನಗೀಗಲೇ ಕಾಣ್ತದ್ರಿ. ಬಸ್ ನಿಲ್ದಾಣದ ಹಿಂದ ದೀಪ ಇಲ್ಲ. ಹಳ್ಳದ ಸೇತುವಿ ಕೆಳಗ ಸಂಜಿಗೆ ಕುಡಿಲಾಕ ಕುಂದರ್ತಾರ. ಹೈಸ್ಕೂಲಿನಿಂದ ಬರೋ ಹುಡಗ್ಯಾರು ಹೆದ್ದಾರಿ ಮ್ಯಾಲ ಬಸ್ಸಿಗೆ ಕಾಯೋ ಜಾಗಾ. ಸಾಲಿ ಮುಂದಿನ ಪಾನ್ ಅಂಗಡಿ.

ಮಾಸ್ತರು: ಬಸ್ಸಿನದು ಮೊದಲು ತಗೋ, ಅದರಾಗೇ ಅರ್ಧ ಅಪರಾಧದ ಮಾತು ಅದ. 2023ರ ಜೂನ್‌ನಾಗ ಶಕ್ತಿ ಯೋಜನಾ ಬಂತು, ಹುಡಗ್ಯಾರಿಗೆ ಪ್ರಯಾಣ ಪುಕ್ಕಟೆ ಆತು, ಭಾಳ ಚೊಲೋ ಆತು. ಬಸ್ಸು ತುಂಬಿ ಬಂದು ನಿಲ್ಲದೇ ಹೋದ್ರ ಮಾತ್ರ ಆ ಹುಡಗ್ಯಾರು ಹೊತ್ತು ಮುಳುಗೋ ತನಕ ಹೆದ್ದಾರಿ ಬಾಜೂಕ ನಿಲ್ಲಬೇಕು. ಚುಡಾಯಿಸೋದು ಅಲ್ಲೇ, ಗಾಡಿ ಮ್ಯಾಲ ಬಿಡ್ತೀನಿ ಅನ್ನೋದು ಅಲ್ಲೇ. ನಾಲ್ಕು ದಿನ ಹಂಗ ಆದ್ರ ಅಪ್ಪ ಸಾಲಿ ಬಿಡಸ್ತಾನ, ಸಾಲಿ ಬಿಟ್ಟ ಮ್ಯಾಲ ಮದುವಿ ಮಾತು ಬರ್ತದ. ಇಷ್ಟೂ ಕಥಿ ಒಂದು ಬಸ್ಸಿನ ವ್ಯಾಳ್ಯಾದ ಮ್ಯಾಲ ನಿಂತದ. ಸಾಲಿ ಬಿಡೋ ಹೊತ್ತಿಗೆ ಒಂದು ಬಸ್ಸು ನಿಂತು ಹೋದ್ರ ಎಷ್ಟು ಅಪರಾಧ ತಪ್ಪತಾವ ಅಂತ ಯಾವ ಠಾಣೆ ಪುಸ್ತಕದಾಗೂ ಬರೂದಿಲ್ಲ. ಅದನ್ನ ಹೇಳ್ಲಾಕ ಆ ಹುಡಗ್ಯಾರಿಗಷ್ಟೇ ಬರ್ತದ, ಯಾಕಂದ್ರ ಅಲ್ಲಿ ನಿಲ್ಲೋರು ಅವರು.

ಗ್ರಂಥಪಾಲಕಿ: ಅಂಗಡಿದು?

ಮಾಸ್ತರು: ಅದು ಸರಳ. ಸಾಲಿಯಿಂದ 100 ಮೀಟರ್ ಒಳಗ ತಂಬಾಕು ಮಾರಂಗಿಲ್ಲ. 2025ರಾಗ ಜಾರಿಗೆ ಬಂದ ನಮ್ಮ ರಾಜ್ಯದ ತಿದ್ದುಪಡಿ ಪ್ರಕಾರ 21 ವರ್ಷದೊಳಗಿನವರಿಗೆ ಎಲ್ಲೂ ಮಾರಂಗಿಲ್ಲ. ಹುಡುಗ್ರು ಟೇಪು ಹಿಡದು ಸಾಲಿ ಗೇಟಿನಿಂದ ಅಳೀಲಿ, ಗಣಿತದ ಪಾಠನೂ ಆಗ್ತದ. ಅಂಗಡಿಕಾರನ ಜೋಡಿ ಮಾತಾಡೋದು ಪಂಚಾಯಿತಿ ಕೆಲಸ. ಅಂವನೂ ಹೊಟ್ಟಿಪಾಡಿನವ. ಅಲ್ಲೇ ಪೆನ್ನು, ವಹಿ, ಶೇಂಗಾ ಚಿಕ್ಕಿ ಇಟ್ಕೊಂಡು ಕುಂದರ್ಲಿ, ಯಾರೂ ಬ್ಯಾಡ ಅನ್ನೂದಿಲ್ಲ.

ಗ್ರಂಥಪಾಲಕಿ: ತೆರದ ಬೋರ್‌ವೆಲ್‌ನೂ ನಕ್ಷಾದಾಗ ಹಾಕಸ್ಬೇಕ್ರಿ. ಲಚ್ಯಾಣದ್ದು ನೆನದ್ರ ಈಗೂ ಮೈ ಝುಂ ಅಂತದ.

ಮಾಸ್ತರು: 2024ರ ಏಪ್ರಿಲ್. ಎರಡು ವರ್ಷದೊಳಗಿನ ಕೂಸು, ಕೊಳವಿ ಬಾವ್ಯಾಗ ಬಿದ್ದು ಸುಮಾರು ಇಪ್ಪತ್ತು ತಾಸು ಒಳಗ ಇತ್ತು. ಜೀವಂತ ತಗದ್ರು, ಇಡೀ ಇಂಡಿ ತಾಲ್ಲೂಕು ಅತ್ತು ನಕ್ಕಿತು. ಆ ಮನಿಯವರನ್ನ ದೂರೋ ಮಾತಲ್ಲ ಇದು. ಸುಪ್ರೀಂ ಕೋರ್ಟ್ 2010ರಾಗೇ ಹೇಳ್ಯದ, ಕೊರಿಯೋ ಮುಂದ ಬೇಲಿ, ಫಲಕ ಇರಬೇಕು, ನೀರು ಬೀಳದಿದ್ರ ಮುಚ್ಚಬೇಕು ಅಂತ. ನೋಡಿಕೊಳ್ಳೋ ಹೊಣಿ ಪಂಚಾಯಿತಿ ತನಕ ಬರ್ತದ. ಹೊಲದಾಗ ಕುರಿ ಕಾಯೋ ಹುಡುಗನಿಗೆ, ಬಾರಿ ಹಣ್ಣಿಗೆ ಅಡ್ಡಾಡೋ ಪಾರಗೋಳಿಗೆ ಎಲ್ಲೆಲ್ಲಿ ತೆರದ ಕೊಳವಿ ಅದಾವ ಅಂತ ಗೊತ್ತಿದ್ದಷ್ಟು ತಲಾಠಿಗೆ ಗೊತ್ತಿರೂದಿಲ್ಲ. ನಿರ್ಲಕ್ಷ್ಯನೂ ಅಪರಾಧನೇ. ಮಚ್ಚು ಬಂದೂಕು ಇದ್ರಷ್ಟೇ ಅಪರಾಧ ಅಂತ ತಿಳದು ಕುಂತು ನಾವು ಕೆಟ್ಟೀವಿ.

ಗ್ರಂಥಪಾಲಕಿ: ಸಾಲಿ ಒಳಗಿನದು ಹ್ಯಾಂಗ್ರಿ? ದೊಡ್ಡ ಹುಡುಗ್ರು ಸಣ್ಣವರ ರೊಕ್ಕ ಕಸಗೊಳೋದು, ಜಾತಿ ಹಿಡದು ಬೈಯೋದು, ಹುಡಗ್ಯಾರ ಫೋಟೋ ತಗದು ಗ್ರೂಪಿಗೆ ಹಾಕೋದು. ಇವು ನಕ್ಷಾದಾಗ ಬರೂದಿಲ್ಲ.

ಮಾಸ್ತರು: ಇದು ಪೂರಾ ಹುಡುಗ್ರ ಕ್ಷೇತ್ರ. ಇಲ್ಲಿ ನಾವು ಎಷ್ಟು ಬೆತ್ತ ಹಿಡದ್ರೂ ಆಗೂದಿಲ್ಲ. ಫಿನ್ಲೆಂಡಿನ ಟುರ್ಕು ವಿಶ್ವವಿದ್ಯಾಲಯದವರು ಕಿವಾ ಅಂತ ಒಂದು ಕಾರ್ಯಕ್ರಮ ಮಾಡ್ಯಾರ, 2009ರಿಂದ ಅಲ್ಲಿ ದೇಶದ ತುಂಬ ಹಬ್ಬೇತಿ. ಕಾಡೋ ಹುಡುಗ ಒಬ್ಬನೇ ಇರ್ತಾನ, ಸುತ್ತ ನಿಂತು ನಗೋರು ಹತ್ತು ಮಂದಿ. ಅವರು ಕೆಲಸ ಮಾಡೋದು ಆ ಹತ್ತು ಮಂದಿ ಮ್ಯಾಲ. ನಗೂ ನಿಂತ್ರ ಕಾಡೋನ ದೊಡ್ಡಸ್ತಿಕಿ ಇಳೀತದ. ಕಾಡಿಸಿಕೊಂಡವನ ಬಾಜೂಕ ಮರುದಿನ ಯಾರರೆ ಹೋಗಿ ಕುಂತ್ರ, ಅಷ್ಟೇ ಸಾಕು. ಇದಕ್ಕ ಬಜೆಟ್ ಬೇಕಿಲ್ಲ. ಜಾತಿ ಬೈಗಳಕ್ಕ ಮಾತ್ರ ಮಾಸ್ತರು ಮಧ್ಯ ಬರಲೇಬೇಕು. ಬಸವಣ್ಣ ಹುಟ್ಟಿದ ಬಾಗೇವಾಡಿ ನಮ್ಮ ಜಿಲ್ಲಾದಾಗೇ ಅದ. ಊಟಕ್ಕ ಕುಂತಾಗ ಮಕ್ಕಳು ಬ್ಯಾರೆ ಬ್ಯಾರೆ ಸಾಲು ಮಾಡೋದನ್ನ ನೋಡಿ ಸುಮ್ಮಿರೋ ಸಾಲಿಯಾಗ ಅಪರಾಧ ತಡಿಯೋ ಪಾಠಕ್ಕ ಅರ್ಥ ಇಲ್ಲ.

ಗ್ರಂಥಪಾಲಕಿ: ಸಾಲಿ ದಾಟಿದ ಹುಡುಗ್ರದ್ದೇ ನನಗ ಹೆಚ್ಚು ಚಿಂತಿ. ಹದಿನೆಂಟು, ಇಪ್ಪತ್ತೆರಡು. ಡಿಗ್ರಿ ಅರ್ಧಕ್ಕ ಬಿಟ್ಟಿರ್ತಾರ. ಈಗ ಹೊಸಾದು ಬಂದದ್ರಿ, ಬ್ಯಾಂಕ್ ಖಾತಾ ಬಾಡಿಗಿ ಕೊಡೋದು. 'ನಿನ್ನ ಖಾತಾಕ್ಕ ರೊಕ್ಕ ಬರ್ತದ, ತಗದು ಕೊಡು, ಐದು ಸಾವಿರ ನಿನಗ' ಅಂತಾರ. ಆ ರೊಕ್ಕ ಯಾರೋ ಮುದುಕರಿಗೆ ಮೋಸ ಮಾಡಿ ತಂದದ್ದಿರ್ತದ. ಕೊನೀಗೆ ಪೊಲೀಸರು ಬರೋದು ಖಾತಾ ಇದ್ದವನ ಮನಿಗೆ.

ಮಾಸ್ತರು: ನೋಡು, ನಾ ಆಗ ಹೇಳಿದ ಸಣ್ಣ ಕೆಲಸ ಇದೇ. ಚೀಟಿ ಹೋಗಿ ಖಾತಾ ಬಂತು. ಈ ವಯಸ್ಸಿನವರನ್ನ ಉಪದೇಶಕ್ಕ ಕರದ್ರ ಬರೂದಿಲ್ಲ, ಕೆಲಸಕ್ಕ ಕರದ್ರ ಬರ್ತಾರ. ಜಾತ್ರಿದಾಗ ನೋಡಿಲ್ಲೇನು? ತೇರು ಎಳಿಯೋದು, ದಾಸೋಹ ನೀಡೋದು, ಮೊಹರಮ್‌ನಾಗ ಎಲ್ಲಾ ಜಾತಿಯವರು ಕೂಡಿ ಅಲೈ ಕುಣಿಯೋದು, ಎಲ್ಲಾ ಅವರೇ ಮಾಡ್ತಾರ. ತಾಲೀಮಿನಾಗ ಸಣ್ಣ ಹುಡುಗ್ರಿಗೆ ಕುಸ್ತಿ ಕಲಸೋರೂ ಅವರೇ. ಅಂಥವರನ್ನ ಕರದು, 'ಊರಿನ ಮುದುಕರಿಗೆ ಮೊಬೈಲ್ ಮೋಸ ಹ್ಯಾಂಗ ಆಗ್ತದ ಹೇಳಿಕೊಡ್ರಿ, ಮೋಸ ಆದ ಕೂಡ್ಲೆ ಸೈಬರ್ ಸಹಾಯವಾಣಿ 1930ಕ್ಕ ಫೋನ್ ಹಚ್ಚಿಸಿ ಕೊಡ್ರಿ' ಅಂತ ಹೇಳು. ಅರಿವು ಕೇಂದ್ರದಾಗ ವಾರಕ್ಕೊಂದು ದಿನ ಕುಂದರಸು. ಮೋಸ ತಡಿಯೋದನ್ನ ನಾಲ್ಕು ಮಂದಿಗೆ ಹೇಳಿಕೊಟ್ಟವ ತನ್ನ ಖಾತಾ ಬಾಡಿಗಿ ಕೊಡೂದು ಕಠಿಣ.

ಗ್ರಂಥಪಾಲಕಿ: ಗಾಡಿ ವಿಷಯನೂ ಹೇಳ್ಬೇಕ್ರಿ. ಒಂಬತ್ತನೇ ಇಯತ್ತಾ ಹುಡುಗ ಮೂವರನ್ನ ಕುಂದರಿಸಿಕೊಂಡು ಹೆದ್ದಾರಿ ಮ್ಯಾಲ ಹೊಡೀತಾನ.

ಮಾಸ್ತರು: ಅದು ಅಪ್ಪಗೋಳ ಸಭಾದಾಗ ಹೇಳೋ ಮಾತು. 2019ರ ತಿದ್ದುಪಡಿ ಪ್ರಕಾರ ಅಪ್ರಾಪ್ತ ಗಾಡಿ ಹೊಡದ್ರ ಪಾಲಕನಿಗೆ 25,000 ರೂಪಾಯಿ ದಂಡ, 3 ವರ್ಷದ ತನಕ ಜೈಲು, ಹುಡುಗನಿಗೆ 25 ವರ್ಷ ಆಗೂ ತನಕ ಲೈಸೆನ್ಸ್ ಇಲ್ಲ. ಕೀಲಿ ಕೊಟ್ಟವ ಅಪ್ಪ.

ಗ್ರಂಥಪಾಲಕಿ: ಎಲ್ಲಾ ಆತ್ರಿ ಸರ್, ಒಂದು ಉಳೀತು. ನಕ್ಷಿ ಬರಸ್ತೀನಿ, ಮಕ್ಕಳ ಮಿತ್ರನ್ನ ಮಕ್ಕಳ ಕಡಿಂದಲೇ ಆರಸ್ತೀನಿ, ಸಭಾನೂ ಆಗ್ತದ. ಆಮ್ಯಾಲ? ಅಧಿಕಾರಿಗಳು ಬರ್ತಾರ, 'ಪರಿಶೀಲಿಸುತ್ತೇವೆ' ಅಂತಾರ, ಫೋಟೋ ತಗಸ್ಕೊಂಡು ಹೋಗ್ತಾರ. ಮುಂದಿನ ವರ್ಷ ಅದೇ ದೀಪ ಇರೂದಿಲ್ಲ, ಅದೇ ಬಸ್ಸು ನಿಲ್ಲೂದಿಲ್ಲ. ಒಮ್ಮೆ ಕೇಳಿ ಉತ್ತರ ಸಿಗದ ಮಗು ಎರಡನೇ ಸಲ ಕೇಳೂದಿಲ್ರಿ.

ಮಾಸ್ತರು: ಅದಕ್ಕ ನಡಾವಳಿ ಪುಸ್ತಕ. ಮಕ್ಕಳು ಕೇಳಿದ ಒಂದೊಂದು ಮಾತಿನ ಎದುರಿಗೆ ಮೂರು ಕಾಲಂ ಹಾಕಸು. ಯಾರು ಮಾಡ್ತಾರ, ಯಾವ ತಾರೀಖಿನೊಳಗ, ಆಗದಿದ್ರ ಯಾಕ. ಪಿಡಿಒ ಸಹಿ ಅಲ್ಲೇ ಆಗಬೇಕು. ಒಂದು ಪ್ರತಿ ಸಾಲಿ ಗ್ವಾಡಿ ಮ್ಯಾಲ ಅಂಟಸ್ಬೇಕು. ಮುಂದಿನ ವರ್ಷದ ಸಭಾ ಸ್ವಾಗತ ಗೀತದಿಂದ ಶುರು ಆಗೂದು ಬ್ಯಾಡ. ಹಿಂದಿನ ವರ್ಷದ ಪುಸ್ತಕ ಓದೋದರಿಂದ ಶುರು ಆಗ್ಲಿ, ಓದೋದು ಒಬ್ಬ ವಿದ್ಯಾರ್ಥಿನೇ ಓದ್ಲಿ. ಆಗ ಆಗಿಲ್ಲದ್ದು ಯಾವುದು ಅಂತ ಊರೆಲ್ಲಾ ಕೇಳ್ತದ.

ಗ್ರಂಥಪಾಲಕಿ: ಊರಿನವರೇ ಬರೂದಿಲ್ರಿ ಮಕ್ಕಳ ಸಭಾಕ್ಕ. ಮಾಸ್ತರು, ಅಂಗನವಾಡಿಯವರು, ಆಶಾ ಕಾರ್ಯಕರ್ತೆಯರು, ಅಷ್ಟೇ.

ಮಾಸ್ತರು: ಹಂಗಾದ್ರ ಊರಿನವರಿಗೆ ಹಿಂಗ ಬರದು ಹಾಕು, ಎಲ್ಲಾರಿಗೂ ಮುಟ್ಟಲಿ. ಇಂಡಿ ಇರ್ಲಿ, ಸಿಂದಗಿ ಇರ್ಲಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಇರ್ಲಿ, ಪ್ರತಿ ಪಂಚಾಯಿತಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭಾ ಮಾಡಬೇಕು. ನಿಮ್ಮೂರಾಗ ಅದು ಯಾವ ತಾರೀಖಿಗೆ ಅದ ಅಂತ ಪಂಚಾಯಿತಿಗೆ ಹೋಗಿ ಕೇಳ್ರಿ. ಆ ದಿನ ಹೊಲದ ಕೆಲಸ ಬಿಟ್ಟು ಹೋಗ್ರಿ. ಹೋಗಿ ಹಿಂದ ಕುಂದರ್ರಿ, ಮಾತಾಡಬ್ಯಾಡ್ರಿ, ಕೇಳ್ರಿ. ಕೊನೀಗೆ ಎದ್ದು ಒಂದೇ ಮಾತು ಕೇಳ್ರಿ: ಹೋದ ವರ್ಷ ನಮ್ಮ ಮಕ್ಕಳು ಕೇಳಿದ್ದರಾಗ ಎಷ್ಟು ಮಾಡೀರಿ, ಪುಸ್ತಕ ತಗದು ತೋರಸ್ರಿ.